ಅಗಲವೇ ಬಲ, ಅಗಲವೇ ಅಪಾಯ

ಬಾಗಲೂರಿನಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ಶಾಲಾ ಪ್ರವಾಸಕ್ಕೆಂದು ಮಲ್ಪೆಗೋ ಕಾರವಾರಕ್ಕೋ ಹೋದ ಮಕ್ಕಳಿಗೆ ದೋಣಿ ಕಂಡೊಡನೆ ಹತ್ತುವ ಆಸೆ. ಮನೆಯಲ್ಲಿರುವ ಹೆತ್ತವರಿಗೆ ಮಾತ್ರ ಒಂದೇ ಅಳುಕು: ದೋಣಿ ಮಗುಚಿದರೆ? ಈ ಅಳುಕಿಗೆ ಕಾರಣವಿಲ್ಲದಿಲ್ಲ. 2019ರ ಜನವರಿ 21ರಂದು ಕಾರವಾರದ ಬಳಿ, ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಜೀವ ಕಳೆದುಕೊಂಡರು.

ಹಾಗಾದರೆ ಮಗುಚದ ದೋಣಿ ಉಂಟೇ? ಹಲವರು ಕಟಮರಾನ್‌ನತ್ತ ಬೊಟ್ಟು ಮಾಡುತ್ತಾರೆ. ತಮಿಳಿನ ‘ಕಟ್ಟುಮರಂ’ ಎಂಬುದೇ ಈ ಹೆಸರಿನ ಮೂಲ. ಕಟ್ಟಿದ ಮರ ಎಂಬ ಅರ್ಥ ಕನ್ನಡಿಗರಿಗೂ ತಟ್ಟನೆ ಹೊಳೆಯುತ್ತದೆ. ಕೋರಮಂಡಲ ತೀರದ ಬೆಸ್ತರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಟ್ಟಿದ ತೆಪ್ಪಕ್ಕೆ ಇದ್ದ ಹೆಸರು ಇಂದು ಎರಡು ಒಡಲಿನ ದೋಣಿಗೆ ಸಂದಿದೆ.

ಓಲಾಡುವ ಬಸ್ಸಿನಲ್ಲಿ ಕಾಲಗಲಿಸಿ ನಿಂತವನು ಸುಲಭವಾಗಿ ಬೀಳುವುದಿಲ್ಲ. ಕಟಮರಾನ್‌ನ ಗುಟ್ಟೂ ಅದೇ. ಅದು ಬಾಗಿದಾಗ ತಗ್ಗಿದ ಕಡೆಯ ಒಡಲು ನೀರಿನಲ್ಲಿ ಹೆಚ್ಚು ಮುಳುಗುತ್ತದೆ. ನೀರು ಅದನ್ನು ಅಷ್ಟೇ ಬಲವಾಗಿ ಮೇಲಕ್ಕೊತ್ತಿ ದೋಣಿಯನ್ನು ನೆಟ್ಟಗೆ ನಿಲ್ಲಿಸುತ್ತದೆ.

ಆದರೆ ಒಂದು ಒಡಲು ಪೂರ್ತಿ ನೀರಿನಿಂದ ಮೇಲೆದ್ದರೆ ಲೆಕ್ಕ ಬದಲಾಗುತ್ತದೆ. ಅಲ್ಲಿಂದಾಚೆಗೆ ದೋಣಿ ಬಾಗಿದಷ್ಟೂ ನೆಟ್ಟಗಾಗಿಸುವ ಬಲ ಕುಗ್ಗುತ್ತದೆ. ಸುಮಾರು 90 ಡಿಗ್ರಿ ತಲುಪುವ ಹೊತ್ತಿಗೆ ಅದು ಮುಗಿದೇ ಹೋಗಿ, ದೋಣಿ ತಲೆಕೆಳಗಾಗುತ್ತದೆ. ಆಗ ಅದೇ ಅಗಲ ಅದನ್ನು ತಲೆಕೆಳಗಾಗಿಯೇ ಭದ್ರವಾಗಿ ಹಿಡಿದಿಡುತ್ತದೆ! ತಳದಲ್ಲಿ ಭಾರವಾದ ಲೋಹ ಕಟ್ಟಿಕೊಂಡ ಒಂಟಿ ಒಡಲಿನ ಹಾಯಿದೋಣಿ ಬೇಗ ಬಾಗುತ್ತದೆ, ಆದರೆ ಸಾಮಾನ್ಯವಾಗಿ ಮರಳಿ ಏಳುತ್ತದೆ.

ಮನೆಯಲ್ಲೇ ಪರೀಕ್ಷಿಸಿ. ಮುಚ್ಚಳ ಬಿಗಿದ ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಗೇಣು ಅಂತರದಲ್ಲಿ ಎರಡು ಕಡ್ಡಿಗಳಿಗೆ ಅಡ್ಡಲಾಗಿ ಕಟ್ಟಿ, ಅಗಲವಾದ ಟಬ್ಬಿನಲ್ಲಿ ತೇಲಿಬಿಡಿ. ಸ್ವಲ್ಪ ಅದುಮಿದರೆ ಮರಳಿ ನೆಟ್ಟಗಾಗುತ್ತದೆ. ಒಂದು ಬಾಟಲಿಯನ್ನು ಎತ್ತಿ ಇನ್ನೊಂದರ ಮೇಲಿಂದ ಆಚೆ ದಾಟಿಸಿ ನೋಡಿ. ತಲೆಕೆಳಗಾಗಿಯೂ ಅಷ್ಟೇ ನೆಮ್ಮದಿಯಾಗಿ ತೇಲುತ್ತದೆ, ತಾನಾಗಿ ಮರಳದು.

ನುರಿತವರನ್ನೂ ಈ ಅಪಾಯ ಬಿಟ್ಟಿಲ್ಲ. 2013ರ ಮೇ 9ರಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ 72 ಅಡಿ ಉದ್ದದ ಪಂದ್ಯದ ಕಟಮರಾನ್ ತರಬೇತಿಯ ವೇಳೆ ಮಗುಚಿತು. ಒಲಿಂಪಿಕ್ ಚಿನ್ನ ಗೆದ್ದಿದ್ದ ಬ್ರಿಟನ್ನಿನ ಆಂಡ್ರ್ಯೂ ಸಿಂಪ್ಸನ್ ಅದರಡಿ ಸಿಲುಕಿ ತೀರಿಕೊಂಡರು.

ಪ್ರವಾಸಿ ದೋಣಿ ಯಾವುದೇ ಇರಲಿ, ಮಿತಿಮೀರಿ ಜನ ಹತ್ತಿದರೆ, ಎಲ್ಲರೂ ಫೋಟೋಗೆಂದು ಒಂದೇ ಬದಿಗೆ ಓಡಿದರೆ, ಎದ್ದು ನಿಂತು ಕುಣಿದರೆ ಅದು ಮಗುಚುವ ಸಾಧ್ಯತೆ ಹೆಚ್ಚುತ್ತದೆ. ಹತ್ತುವ ಮುನ್ನವೇ ಲೈಫ್ ಜಾಕೆಟ್ ತೊಟ್ಟು ಬಿಗಿಯಿರಿ. ಅದು ಸಿಗದ ದೋಣಿಯನ್ನು ಹತ್ತದೆ ದಡದಲ್ಲಿ ಉಳಿಯುವುದೂ ಜಾಣತನವೇ.