ಸದ್ದಿಲ್ಲದ ವೇಗ

ಆಳಂದ, ಅಫಜಲಪುರ, ಜೇವರ್ಗಿಯ ಹುಡುಗರಿಗೂ ವೇಗದ ಕಾರೆಂದರೆ ಮೊದಲು ನೆನಪಾಗುವುದು ಅದರ ಗುಡುಗು. ಆದರೆ ಇನ್ನು ವೇಗಕ್ಕೆ ಗುಡುಗು ಬೇಕಿಲ್ಲ.

2001ರಲ್ಲಿ ಬೆಂಗಳೂರಿನ ವಿದ್ಯುತ್ ಕಾರು ರೇವಾ ರಸ್ತೆಗಿಳಿದಾಗ ಅದರ ವೇಗ ಗಂಟೆಗೆ 80 ಕಿ.ಮೀ. ದಾಟುತ್ತಿರಲಿಲ್ಲ. ಈಗ ಮಹೀಂದ್ರಾ ಒಡೆತನದ ಪಿನಿನ್‌ಫರೀನಾ ಕಂಪೆನಿಯ ಬತ್ತಿಸ್ತಾ 2 ಸೆಕೆಂಡಿನೊಳಗೆ 100 ಕಿ.ಮೀ. ವೇಗ ಮುಟ್ಟುತ್ತದೆ. ಪೆಟ್ರೋಲ್ ಎಂಜಿನ್ ತಿರುಗುತ್ತಾ ತಿರುಗುತ್ತಾ ಬಲ ಕೂಡಿಸಿಕೊಳ್ಳುತ್ತದೆ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಬಲ ಕೊಡುತ್ತದೆ. ಗುಟ್ಟು ಇಷ್ಟೇ.

ಅಂಥ ಕಾರು ನಮ್ಮ ಅಂಗಳಕ್ಕೆ ಬರಲಿಕ್ಕಿಲ್ಲ. ಆದರೆ ಅದೇ ಗುಣದ ಸ್ಕೂಟರ್ ಬಂದಾಗಿದೆ. ಖರ್ಚು ಕಡಿಮೆ, ಹೊಗೆಯಿಲ್ಲ, ಹೆಂಗಸರಿಗೂ ಓಡಿಸಲು ಸುಲಭ. ಒಳ್ಳೆಯದೇ. ಆದರೆ ತಾಯಂದಿರೇ, ಪೆಟ್ರೋಲ್ ಗಾಡಿಯಲ್ಲಿ ಮಗ ಹೊರಟರೆ ಅಡುಗೆಮನೆಗೇ ಸದ್ದು ಕೇಳಿಸುತ್ತಿತ್ತು. ಇದು ನಿಮಗೂ ಕೇಳಿಸದು, ಓಣಿಯಲ್ಲಿ ಆಡುವ ಮಗುವಿಗೂ ಕೇಳಿಸದು.

250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮುಟ್ಟದ ಗಾಡಿಗೆ ಮಾತ್ರ ಲೈಸೆನ್ಸ್ ಬೇಡ. ಉಳಿದವಕ್ಕೆ ಬೇಕೇ ಬೇಕು. 2019ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಅಪ್ರಾಪ್ತ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು.

ದಂಡ ಕಟ್ಟಬಹುದು, ಹೋದ ಜೀವ ಬರದು. ಲೈಸೆನ್ಸ್ ಬರುವ ತನಕ ಕೀಲಿಕೈ ನಿಮ್ಮ ಸೆರಗಿನ ಗಂಟಿನಲ್ಲೇ ಇರಲಿ.