ಕ್ಷೇತ್ರದ ನೌಕರರಿಗೆ ಸುರಕ್ಷತಾ ತರಬೇತಿ: ಹೊಂಬುಜದ ಕೆಲಸ ನೋಡಿ ಆರಿಸುವುದು ಹೇಗೆ?

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಹೊಂಬುಜಕ್ಕೆ, ಅಂದರೆ ಜನರ ಬಾಯಲ್ಲಿನ ಹುಂಚಕ್ಕೆ, ಬರುವ ಯಾತ್ರಿಕರು ಪದ್ಮಾವತಿ ಅಮ್ಮನವರ ದರ್ಶನ ಪಡೆದು, 1077ರ ಪಂಚಕೂಟ ಬಸದಿಯನ್ನು ನೋಡಿ, ಊಟ ಮುಗಿಸಿ ಹೊರಡುತ್ತಾರೆ. ಇಂಥ ಕ್ಷೇತ್ರಗಳಲ್ಲಿ ಆ ಊಟ ಬೇಯಿಸುವವರು, ಮಳೆಗಾಲದಲ್ಲಿ ಪಾಚಿ ಹಿಡಿದ ಕಲ್ಲು ಮೆಟ್ಟಿಲು ತಿಕ್ಕುವವರು, ದೀಪಾಲಂಕಾರಕ್ಕೆ ವೈರು ಎಳೆಯುವವರು, ರಥದ ಚಕ್ರಕ್ಕೆ ಮರದ ತಡೆ ಕೊಡುವವರು ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. ಯಾತ್ರಿಕರಿಗೆ ಅದು ಅತಿಶಯ ಕ್ಷೇತ್ರ. ಅವರಿಗೆ ದಿನನಿತ್ಯದ ಕೆಲಸದ ಸ್ಥಳವೂ ಹೌದು.

ಅಪಾಯ ದೂರದ್ದೇನಲ್ಲ. 2025ರ ಜನವರಿ 28ರಂದು ಉತ್ತರ ಪ್ರದೇಶದ ಬಡೌತ್‌ನಲ್ಲಿ ಆದಿನಾಥ ತೀರ್ಥಂಕರರ ನಿರ್ವಾಣ ಲಾಡು ಉತ್ಸವದ ವೇಳೆ ಮರದ ಅಟ್ಟಣಿಗೆ ಕುಸಿದು ಏಳು ಮಂದಿ ಪ್ರಾಣ ಕಳೆದುಕೊಂಡರು. 2022ರ ಏಪ್ರಿಲ್ 27ರಂದು ತಂಜಾವೂರು ಬಳಿಯ ಕಳಿಮೇಡಿನಲ್ಲಿ ದೇವರ ತೇರು ಹೈಟೆನ್ಷನ್ ತಂತಿಗೆ ತಗುಲಿ 11 ಮಂದಿ ಸತ್ತರು. ಅಟ್ಟಣಿಗೆ ಕಟ್ಟದ, ತೇರು ಎಳೆಯದ ದೊಡ್ಡ ಕ್ಷೇತ್ರ ನಮ್ಮಲ್ಲಿ ಅಪರೂಪ.

ಹೀಗಿದ್ದರೂ ತರಬೇತಿ ಎಂದ ಕೂಡಲೇ ಆಡಳಿತ ಸಮಿತಿಗಳು ಮೊದಲು ಕೇಳುವುದು ‘ಯಾರನ್ನು ಕರೆಸೋಣ, ಎಷ್ಟು ಖರ್ಚು’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು, ನಮ್ಮಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಎಂದು. ಕಾರ್ಖಾನೆಗೆಂದು ಸಿದ್ಧಪಡಿಸಿದ ಪಾಠವನ್ನು ಸಭಾಭವನದಲ್ಲಿ ಎರಡು ಗಂಟೆ ಪರದೆಯ ಮೇಲೆ ತೋರಿಸಿದರೆ ಪ್ರಮಾಣಪತ್ರವೇನೋ ಬರುತ್ತದೆ. ಅಡುಗೆಯವರ ಕೈಗೆ ಏನೂ ಬರುವುದಿಲ್ಲ.

ಅಡುಗೆಮನೆಯನ್ನೇ ನೋಡಿ. ಶ್ರಾವಣದ ಶುಕ್ರವಾರ ಭಕ್ತರು ಹೆಚ್ಚಾದಂತೆ ಒಲೆಗಳೂ ಹೆಚ್ಚುತ್ತವೆ, 19 ಕಿಲೋದ ಸಿಲಿಂಡರುಗಳು ಸಾಲಾಗಿ ನಿಲ್ಲುತ್ತವೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗದೆ ನೆಲದ ಮಟ್ಟದಲ್ಲಿ, ತಗ್ಗಿನಲ್ಲಿ, ಚರಂಡಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ವಾಸನೆ ಬಂದಾಗ ಫ್ಯಾನು ಹಾಕುವುದು ದೊಡ್ಡ ತಪ್ಪು. ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂ ಬಾರದು. ಉರಿಯುವ ಒಲೆ, ದೀಪ ನಂದಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚುವುದು ಇನ್ನೊಂದು ತಪ್ಪು. ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನೇ ಮೇಲೆ ಚಿಮ್ಮಿಸುತ್ತದೆ. ಒಲೆ ಆರಿಸಿ, ಮುಚ್ಚಳ ಜಾರಿಸಿ ಮುಚ್ಚಬೇಕು. ಇದನ್ನು ಕೇಳಿದವರಿಗೆಲ್ಲ ಅರ್ಥವಾಗುತ್ತದೆ, ಆದರೆ ಗಾಬರಿಯಲ್ಲಿ ಕೈ ಹಳೆಯ ಅಭ್ಯಾಸದಂತೆ ನೀರಿನ ಬಿಂದಿಗೆಗೇ ಹೋಗುತ್ತದೆ. ಅದಕ್ಕೇ ಪ್ರತಿಯೊಬ್ಬ ಅಡುಗೆಯವರೂ ಒಮ್ಮೆಯಾದರೂ ನಂದಕದ ಪಿನ್ನು ತಾವೇ ಎಳೆದು ನೋಡಿರಬೇಕು. ಈ ಪಾಠಕ್ಕೆ ಹತ್ತಿರದ ಅಗ್ನಿಶಾಮಕ ಠಾಣೆಯನ್ನು ಮೊದಲು ಕೇಳುವುದು ಒಳ್ಳೆಯದು. ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ಠಾಣೆಗಳು ಇಂಥ ಪ್ರಾತ್ಯಕ್ಷಿಕೆ ನಡೆಸುತ್ತವೆ.

ತೋಟದಲ್ಲಿ, ಆವರಣದಲ್ಲಿ ಕೆಲಸ ಮಾಡುವವರ ಅಪಾಯ ಬೇರೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನ ಬಳಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಜೀವಗಳನ್ನು ಬಲಿ ತೆಗೆದುಕೊಂಡಿತು. ಬೇಸಿಗೆಯಲ್ಲಿ ದರಗು ಗುಡಿಸುವವರಿಗೆ ಮೈತುಂಬ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ, ಸಂಜೆ ಮೈಮೇಲೆ ಉಣುಗು ಹುಡುಕುವ ಅಭ್ಯಾಸ, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸುವುದು: ಇವೂ ಸುರಕ್ಷತಾ ತರಬೇತಿಯೇ. ಊರಿನ ಆಶಾ ಕಾರ್ಯಕರ್ತೆ ಇದನ್ನು ಹೊರಗಿನ ಯಾವ ತರಬೇತುದಾರರಿಗಿಂತಲೂ ಚೆನ್ನಾಗಿ ಹೇಳಬಲ್ಲರು. ಹಾವು ಕಡಿತವೂ ಹಾಗೆಯೇ. ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಕಡಿದ ಅಂಗವನ್ನು ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ಮಲೆನಾಡಿನ ತಿರುವು ರಸ್ತೆಯಲ್ಲಿ 108 ಬರಲು ಹಿಡಿಯುವ ಹೊತ್ತನ್ನು ಲೆಕ್ಕಹಾಕಿದರೆ, ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯ ಪ್ರಥಮ ಚಿಕಿತ್ಸೆ ಕಲಿತ ಇಬ್ಬರಾದರೂ ಪ್ರತಿ ಪಾಳಿಯಲ್ಲಿ ಇರಬೇಕಾದ್ದು ಏಕೆಂದು ತಿಳಿಯುತ್ತದೆ.

ಕೆಲವು ಕೆಲಸಕ್ಕೆ ತರಬೇತಿ ಉತ್ತರವೇ ಅಲ್ಲ. ಯಾತ್ರಿನಿವಾಸದ ಶೌಚಗುಂಡಿಗೆ ಯಾರನ್ನೂ ಇಳಿಸಬಾರದು, ಯಂತ್ರವನ್ನೇ ಕರೆಸಬೇಕು. ಅಪಾಯಕರವಾಗಿ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ರಥಬೀದಿಯ ಮೇಲೆ ತಂತಿ ಹಾದಿದ್ದರೆ ‘ಜಾಗ್ರತೆ’ ಎಂದು ಕೂಗುವವರಿಗೆ ತರಬೇತಿ ಕೊಡುವ ಬದಲು ಮೆಸ್ಕಾಂಗೆ ಮೊದಲೇ ಬರೆದು ಆ ಹೊತ್ತಿಗೆ ವಿದ್ಯುತ್ ಕಡಿತ ಮಾಡಿಸಬೇಕು. ಅಟ್ಟಣಿಗೆಯನ್ನು ಎಂಜಿನಿಯರ್ ಪರೀಕ್ಷಿಸಿ ಎಷ್ಟು ಜನ ಹತ್ತಬಹುದೆಂದು ಬರೆದುಕೊಡಬೇಕು. ತರಬೇತುದಾರರು ಸ್ಥಳ ನೋಡಿದ ಮೇಲೆ ಇಂಥ ಕೆಲಸಗಳ ಬಗ್ಗೆ ‘ಇದನ್ನು ಕಲಿಸಲಾರೆ, ನಿಲ್ಲಿಸಿ’ ಎಂದರೆ ಅವರು ಕೆಲಸ ಬಲ್ಲವರು ಎಂದೇ ತಿಳಿಯಬಹುದು. ಸ್ಥಳವನ್ನೇ ನೋಡದೆ ದರಪಟ್ಟಿ ಕಳಿಸುವವರನ್ನು ಬಿಡುವುದೇ ಲೇಸು.

ಭಾಷೆಯ ವಿಷಯವನ್ನೂ ಮರೆಯುವಂತಿಲ್ಲ. ಪಾಠ ಕನ್ನಡದಲ್ಲೇ ಆಗಬೇಕು. ಹೊರರಾಜ್ಯದ ಕೆಲಸಗಾರರಿದ್ದರೆ ಅವರಿಗೆ ಹಿಂದಿಯಲ್ಲೂ ಆಗಬೇಕು. ಓದು ಬಾರದವರಿದ್ದರೆ ಮಾಡಿ ತೋರಿಸಿ, ಅವರಿಂದ ಮಾಡಿಸಬೇಕು. ಮೂರು ವಾರದ ಬಳಿಕ ಯಾರಾದರೂ ಮುನ್ಸೂಚನೆ ಕೊಡದೆ ಅಡುಗೆಮನೆಗೆ ಹೋಗಿ ‘ಈಗ ಗ್ಯಾಸ್ ವಾಸನೆ ಬಂತು, ಏನು ಮಾಡುತ್ತೀರಿ?’ ಎಂದು ಕೇಳಲಿ. ಆಗ ಸಿಗುವ ಉತ್ತರವೇ ತರಬೇತಿಯ ನಿಜವಾದ ಅಂಕಪಟ್ಟಿ.

ಕಾನೂನಿನ ಮಾತು ಬಂದರೆ, ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ತಮ್ಮ ಸಂಸ್ಥೆಗೆ ಯಾವ ಅಂಶ ಅನ್ವಯವೆಂದು ಕಾರ್ಮಿಕ ಇಲಾಖೆಯಲ್ಲಿ ಕೇಳಿಕೊಳ್ಳಬಹುದು. ಆದರೆ ವಸ್ತುವನ್ನು ಎತ್ತುವಾಗ, ಇಡುವಾಗ ಎಚ್ಚರವಿರಲೆಂದು ಆದಾನನಿಕ್ಷೇಪಣ ಸಮಿತಿಯನ್ನೇ ಹೇಳಿರುವ ಸಮಾಜಕ್ಕೆ ಇದು ಹೊಸ ಮಾತಲ್ಲ.

ಇನ್ನುಳಿದದ್ದು ವೇಳೆ. ಫಾಲ್ಗುಣದ ರಥೋತ್ಸವಕ್ಕೆ ವಾರವಿರುವಾಗ ತರಬೇತಿ ಇಟ್ಟರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಒಂದು ತಿಂಗಳು ಮೊದಲೇ ಆಗಬೇಕು. ಉತ್ಸವಕ್ಕೆಂದು ಮೂರು ದಿನದ ಮಟ್ಟಿಗೆ ಬರುವ ಸಹಾಯಕರಿಗೆ ಪೂರ್ತಿ ತರಬೇತಿ ಸಾಧ್ಯವಿಲ್ಲ. ಅವರನ್ನು ಬಂದ ದಿನವೇ, ಒಲೆ ಹಚ್ಚುವ ಮೊದಲು, ಹತ್ತು ನಿಮಿಷ ಸುತ್ತಾಡಿಸಿ ಸಿಲಿಂಡರ್ ಮುಚ್ಚುವುದು ಹೇಗೆ, ಮೇನ್ ಸ್ವಿಚ್ ಎಲ್ಲಿ, ಹೊರಬಾಗಿಲು ಯಾವುದು, ಏನಾದರೂ ಆದರೆ ಯಾರನ್ನು ಕೂಗಬೇಕು ಎಂಬುದನ್ನು ತೋರಿಸಬೇಕು.