ಉಪ್ಪಿನ ಕೊಳದಲ್ಲಿ ಬಿಸಿಲಿನ ಶಾಖ

ಅಡಿಕೆ ಬೇಯಿಸುವ ಹಂಡೆಗೆ ಸೌದೆ ಹೊಂದಿಸುವುದೇ ದೊಡ್ಡ ತಲೆನೋವಾಗಿದೆ. ತೋಟದಲ್ಲಿ ಉಪ್ಪುನೀರಿನ ಕೊಳ ತೋಡಿದರೆ ಬಿಸಿಲಿನ ಶಾಖ ಹಿಡಿದಿಡಬಹುದಂತೆ, ನಿಜವೇ ಎಂದು ಮದ್ದೂರು ಕಡೆಯ ಸದಸ್ಯರೊಬ್ಬರು ಕೇಳಿದ್ದಾರೆ. ನಿಜ. ಆದರೆ ಅವರ ತೋಟಕ್ಕೆ ಅದು ಬೇಡವೆಂದೇ ನಮ್ಮ ಅಭಿಪ್ರಾಯ.

ಸಾಮಾನ್ಯ ಕೆರೆಯಲ್ಲಿ ತಳದ ನೀರು ಕಾದೊಡನೆ ಹಗುರಾಗಿ ಮೇಲೆದ್ದು ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ತಳದಲ್ಲಿ ಗಟ್ಟಿ ಉಪ್ಪುನೀರು, ಮೇಲೆ ಬರಬರುತ್ತ ಉಪ್ಪು ಕಡಿಮೆ, ತುದಿಯಲ್ಲಿ ಬಹುತೇಕ ಸಿಹಿನೀರು ಹೀಗೆ ತುಂಬಿದರೆ, ತಳದ ನೀರು ಕಾದರೂ ಭಾರದಿಂದ ಅಲ್ಲೇ ನಿಲ್ಲುತ್ತದೆ. ನಡುವಣ ಪದರವು ಕಂಬಳಿ ಹೊದಿಸಿದಂತೆ ಶಾಖವನ್ನು ಕಾಯುತ್ತದೆ. ರಾತ್ರಿಯೂ, ಮೋಡದ ದಿನವೂ ತಳದ ಬಿಸಿಯನ್ನು ಕೊಳವೆಗಳ ಮೂಲಕ ತೆಗೆಯಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಪ್ರೊ. ಜೆ. ಶ್ರೀನಿವಾಸನ್ ಮತ್ತು ಸಹೋದ್ಯೋಗಿಗಳು 240 ಚದರ ಮೀಟರಿನ ಇಂಥ ಕೊಳವನ್ನು ನಡೆಸಿ ನೋಡಿದರು. ದೊಡ್ಡದು ಗುಜರಾತಿನ ಭುಜ್‌ನದು: 6000 ಚದರ ಮೀಟರು. 1993ರಿಂದ ಅಲ್ಲಿಯ ಡೈರಿಗೆ ದಿನಕ್ಕೆ ಸುಮಾರು 80 ಸಾವಿರ ಲೀಟರು ಬಿಸಿನೀರು ಕೊಟ್ಟಿತು, ಈಗ ನಡೆಯುತ್ತಿಲ್ಲ. ಅದಕ್ಕೆ ಬೇಕಾದ ಉಪ್ಪು ಸುಮಾರು 4000 ಟನ್. ನಡುವೆ ತಳದ ಹಾಸು ಕೆಟ್ಟು ಸೋರಿದ್ದೂ ಉಂಟು.

ಈ ಸೋರಿಕೆಯೇ ನಮ್ಮನ್ನು ಅಂಜಿಸುವುದು. ಭುಜ್‌ನ ಲೆಕ್ಕ ಹಿಡಿದರೆ ಕಣದಷ್ಟಿರುವ 60 ಚದರ ಮೀಟರಿನ ಕೊಳಕ್ಕೂ 40 ಟನ್ ಉಪ್ಪು ಬೇಕು. ಉಪ್ಪು ಕರಾವಳಿಯಿಂದ ಅಗ್ಗವಾಗಿ ಬಂದೀತು, ಆದರೆ ನೆಲಕ್ಕೆ ಇಳಿದದ್ದನ್ನು ಹಿಂದಕ್ಕೆ ತೆಗೆಯುವವರು ಯಾರು? ಮಂಡ್ಯ, ಮದ್ದೂರು, ಮಳವಳ್ಳಿಯ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೀರು ನಿಂತು ಚೌಳಾದ ಗದ್ದೆಗಳನ್ನು ನಾವು ಕಂಡವರೇ. ಅಲ್ಲಿ ಅಂತರ್ಜಲ ಮೇಲಕ್ಕಿದೆ. ಹಾಸು ಹರಿದರೆ ಪಕ್ಕದವರ ಬಾವಿಗೂ ಉಪ್ಪು ಸೇರುತ್ತದೆ.

ಇನ್ನೊಂದು ಮಾತು. ಕೊಳದಿಂದ ಸಾಮಾನ್ಯವಾಗಿ ಸಿಗುವುದು 60–80 ಡಿಗ್ರಿ ಸೆಲ್ಸಿಯಸ್. ಅಡಿಕೆಗೆ ನೀರು ಕುದಿಯಬೇಕು. ಆಲೆಮನೆಯ ಕೊಪ್ಪರಿಗೆಗಂತೂ ಅದಕ್ಕೂ ಮೀರಿದ ಶಾಖ ಬೇಕು. ಹಂಡೆಗೆ ಹಾಕುವ ನೀರನ್ನು ಮೊದಲೇ ಕಾಯಿಸಿಕೊಂಡರೆ ಸೌದೆ ಉಳಿದೀತು, ಅಷ್ಟೆ. ಕಾಫಿ ಒಣಗಿಸಲು ಬೆಚ್ಚನೆ ಗಾಳಿ ಬೇಕಾದಲ್ಲಿ ಮಾತ್ರ ಇದು ಸರಿಯಾಗಿ ಹೊಂದುವ ಶಾಖ. ಅಲ್ಲೂ ಮರದ ನೆರಳು ಬೀಳಬಾರದು, ಸೋಗೆ ತರಗೆಲೆ ಬಿದ್ದು ನೀರು ಕದಡಬಾರದು. ತೋಟದಲ್ಲಿ ಇದು ಸುಲಭವೇ?

ಆದರೂ ಬೋಳು ಜಮೀನಿನಲ್ಲಿ ತೋಡಿಯೇ ನೋಡುತ್ತೇವೆ ಎನ್ನುವವರು, ಉಪ್ಪು ತರಿಸುವ ಮೊದಲು ಸುತ್ತಲ ಬಾವಿಗಳ ನೀರನ್ನು ಪರೀಕ್ಷೆ ಮಾಡಿಸಿ ಬರೆದಿಟ್ಟುಕೊಳ್ಳಬೇಕು. ಮುಂದೆ ಸೋರಿತೋ ಇಲ್ಲವೋ ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ.